ಅಂಕಿಯ ಹಿಂದಿನ ಪ್ರಶ್ನೆ

ಚಿ. ಸುಮಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸುದ್ದಿಮನೆಗೆ ಸೇರಿದ್ದೀಯ ಎಂದು ಕೇಳಿ ಸಂತೋಷವಾಯಿತು. ‘ಈ ಕಾನೂನಿಗೆ ಶೇ 80ರಷ್ಟು ಜನರ ಬೆಂಬಲವಿದೆ’ ಎನ್ನುವ ಸರ್ಕಾರಿ ಪ್ರಕಟಣೆಗಳು ಇನ್ನು ನಿನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಆ 80ನ್ನು ತಲೆಬರಹಕ್ಕೆ ಏರಿಸುವ ಮುಂಚೆ, ಜನರನ್ನು ಕೇಳಿದ ಪ್ರಶ್ನೆಯನ್ನು ಅಕ್ಷರಶಃ ತರಿಸಿಕೋ. ಸಾರಾಂಶ ಕೊಟ್ಟರೆ ಒಪ್ಪಬೇಡ, ಪ್ರಶ್ನಾವಳಿಯೇ ಬೇಕು.

ಸ್ಕಾಟ್ಲೆಂಡ್‌ನ 2014ರ ಜನಮತ ಸಂಗ್ರಹಕ್ಕೆ ಅಲ್ಲಿನ ಸರ್ಕಾರ ಮೊದಲು ಬರೆದದ್ದು ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂದು ನೀವು ಒಪ್ಪುತ್ತೀರಾ?’ ಎಂದು. ಚುನಾವಣಾ ಆಯೋಗ ಅದನ್ನು ಜನರ ಮುಂದಿಟ್ಟು ಪರೀಕ್ಷಿಸಿತು. ‘ಒಪ್ಪುತ್ತೀರಾ’ ಎಂಬ ಮಾತು ‘ಹೌದು’ ಕಡೆಗೆ ತಳ್ಳುತ್ತದೆ ಎಂದು ಕಂಡು ‘ಸ್ವತಂತ್ರ ದೇಶವಾಗಬೇಕೇ?’ ಎಂದು ತಿದ್ದಿಸಿತು. ಸರ್ಕಾರವೂ ಒಪ್ಪಿಕೊಂಡಿತು. ಹೀಗೆ ಪ್ರಶ್ನೆಯನ್ನು ತಿದ್ದಲು ಹೊರಗಿನವರೊಬ್ಬರು ಇದ್ದರೇ ಎಂದು ನೀನೂ ವಿಚಾರಿಸು.

ಅಂಥವರು ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1938ರ ಏಪ್ರಿಲ್ 10ರ ಆಸ್ಟ್ರಿಯಾದ ಮತಪತ್ರವಿದೆ. ನಾಜಿ ಸೇನೆ ಮಾರ್ಚ್ 12ರಂದೇ ಗಡಿ ದಾಟಿತ್ತು, ಕೇಳಿದ್ದು ಆಮೇಲೆ. ಜರ್ಮನಿಯೊಂದಿಗೆ ವಿಲೀನ, ಹಿಟ್ಲರನ ಅಭ್ಯರ್ಥಿಗಳ ಪಟ್ಟಿ ಎರಡಕ್ಕೂ ಒಂದೇ ಪ್ರಶ್ನೆ. ‘ಹೌದು’ ಎನ್ನುವ ವೃತ್ತ ದೊಡ್ಡದು, ‘ಇಲ್ಲ’ ಎನ್ನುವುದು ಚಿಕ್ಕದು. ಯಹೂದಿಗಳಿಗೆ ಮತವಿರಲಿಲ್ಲ. ಫಲಿತಾಂಶ ಶೇ 99.7. ಎರಡು ವಿಷಯವನ್ನು ಒಂದೇ ‘ಹೌದು’ಗೆ ಗಂಟುಹಾಕುವ ಚಾಳಿ ಇಂದಿನ ಸಮೀಕ್ಷೆಗಳಲ್ಲೂ ಇದೆ. ‘ಸುರಕ್ಷತೆಗಾಗಿ ಬೀದಿಬೀದಿಗೆ ಕ್ಯಾಮೆರಾ ಹಾಕುವುದಕ್ಕೆ ನಿಮ್ಮ ಬೆಂಬಲವಿದೆಯೇ?’ ಎಂದು ಕೇಳಿದರೆ, ಕ್ಯಾಮೆರಾ ಬೇಡ ಎನ್ನುವವನು ಸುರಕ್ಷತೆಯೇ ಬೇಡ ಎಂದಂತಾಗುತ್ತದೆ.

ಪ್ರಶ್ನೆ ಸರಿಯಾಗಿದ್ದರೆ ‘ಗೊತ್ತಿಲ್ಲ’ ಎನ್ನಲು ಅವಕಾಶವಿತ್ತೇ ನೋಡು. 1970ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ಸಂಶೋಧಕರು ಇಲ್ಲದೇ ಇರುವ ಕಾನೂನೊಂದಕ್ಕೆ ಹೆಸರಿಟ್ಟು ಜನರ ಅಭಿಪ್ರಾಯ ಕೇಳಿದರು. ಸುಮಾರು ಮೂರನೇ ಒಂದರಷ್ಟು ಮಂದಿ ಅದರ ಪರವೋ ವಿರುದ್ಧವೋ ಮಾತಾಡಿದರು! ಅವರು ಸುಳ್ಳುಗಾರರಲ್ಲ. ಕೇಳಿದವರಿಗೆ ಏನಾದರೂ ಹೇಳಬೇಕೆಂಬ ಸಂಕೋಚ ಎಲ್ಲರಿಗೂ ಇರುತ್ತದೆ. ಸರ್ಕಾರ ‘ಗೊತ್ತಿಲ್ಲ’ ಎಂದವರನ್ನು ಕೈಬಿಟ್ಟು ಶೇಕಡಾವಾರು ಹಾಕಿದ್ದರೆ ಲೆಕ್ಕ ಮತ್ತೆ ಮಾಡು. ನೂರರಲ್ಲಿ 40 ಹೌದು, 20 ಇಲ್ಲ, 40 ಗೊತ್ತಿಲ್ಲ ಎಂದಿದ್ದರೂ ಆ ವಿಧಾನದಲ್ಲಿ ಅದು ‘ಶೇ 67 ಬೆಂಬಲ’ ಆಗಿಬಿಡುತ್ತದೆ.

ಎಷ್ಟು ಮಂದಿಯನ್ನು ಕೇಳಿದರು ಎಂಬುದು ಆಮೇಲಿನ ಮಾತು. ಲಾಟರಿ ಎತ್ತಿದ ಹಾಗೆ ಆರಿಸಿದ 1,000 ಮಂದಿಯಾದರೆ ಫಲಿತಾಂಶ ನಿಜಕ್ಕಿಂತ ಸುಮಾರು 3 ಶೇಕಡಾ ಅಂಶ ಆಚೀಚೆ ಇರಬಹುದು. ಅದನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಜನ ಬೇಕು. ಆ ಸಾವಿರದಲ್ಲಿ ನೂರೇ ಯುವಕರಿದ್ದರೆ ‘ಯುವಜನರ ಒಲವು’ ಎಂಬ ಸಾಲಿಗೆ ಸುಮಾರು 10 ಅಂಶದವರೆಗಿನ ತಪ್ಪು ಅಂಟಿಕೊಂಡಿರುತ್ತದೆ. ತಾವಾಗಿಯೇ ಬಂದು ಉತ್ತರಿಸಿದವರಿಗೆ ಈ ಲೆಕ್ಕ ಹೊಂದುವುದೇ ಇಲ್ಲ, ಅವರು ಲಕ್ಷಾಂತರ ಇದ್ದರೂ.

‘ಸಾರ್ವಜನಿಕರಿಂದ ಇಷ್ಟು ಲಕ್ಷ ಸಲಹೆ ಬಂದಿವೆ’ ಎಂಬ ಮಾತಿನಲ್ಲಿ ಇನ್ನೂ ಎಚ್ಚರವಿರಲಿ. ಅಂತರ್ಜಾಲ ಕಂಪನಿಗಳು ಎಲ್ಲ ಜಾಲತಾಣಗಳನ್ನೂ ಸಮನಾಗಿ ಕಾಣಬೇಕೆನ್ನುವ ‘ಅಂತರ್ಜಾಲ ಸಮಾನತೆ’ಯ (ನೆಟ್ ನ್ಯೂಟ್ರಾಲಿಟಿ) ನಿಯಮದ ಬಗ್ಗೆ 2017ರಲ್ಲಿ ಅಮೆರಿಕದ ಸಂವಹನ ಆಯೋಗಕ್ಕೆ ಬಂದ ಅಭಿಪ್ರಾಯಗಳು 2.2 ಕೋಟಿಗೂ ಹೆಚ್ಚು. ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಕಚೇರಿ ತನಿಖೆ ಮಾಡಿ, ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು 2021ರಲ್ಲಿ ಹೇಳಿತು. ಕಚ್ಚಾ ಕಡತ ಸಿಕ್ಕರೆ ಒಂದೇ ಒಕ್ಕಣೆ ಎಷ್ಟು ಬಾರಿ ಬಂದಿದೆ, ಒಂದೇ ನಿಮಿಷದಲ್ಲಿ ಎಷ್ಟು ಬಂದಿವೆ ಎಂದು ಎಣಿಸು.

ಕೊನೆಗೆ ದಿನಾಂಕ ನೋಡು. 1917ರ ಏಪ್ರಿಲ್‌ನಲ್ಲಿ ಜರ್ಮನಿಯ ಮೇಲೆ ಯುದ್ಧ ಘೋಷಿಸಿದ ವಾರಕ್ಕೇ ಅಮೆರಿಕ ಸರ್ಕಾರ ಪ್ರಚಾರ ಸಮಿತಿಯೊಂದನ್ನು ಕಟ್ಟಿತು. ಅದರ ಪರವಾಗಿ ಸುಮಾರು 75,000 ಸ್ವಯಂಸೇವಕರು ಚಿತ್ರಮಂದಿರಗಳಲ್ಲಿ ರೀಲು ಬದಲಾಯಿಸುವ ನಾಲ್ಕು ನಿಮಿಷದಲ್ಲೇ ಭಾಷಣ ಮಾಡುತ್ತಿದ್ದರು. ಅಂಥ ಪ್ರಚಾರ ಮುಗಿದ ಮರುವಾರ ಜನರನ್ನು ಕೇಳಿದರೆ ಸರ್ಕಾರಕ್ಕೆ ತನ್ನ ಮಾತೇ ತಿರುಗಿ ಕೇಳಿಸುತ್ತದೆ. ಆದ್ದರಿಂದ ಸಮೀಕ್ಷೆ ನಡೆದ ದಿನಗಳನ್ನೂ ಜಾಹೀರಾತು ಶುರುವಾದ ದಿನವನ್ನೂ ಅಕ್ಕಪಕ್ಕ ಬರೆದಿಟ್ಟುಕೋ.

ಪ್ರಶ್ನಾವಳಿ ಕೊಡಲು ಅಧಿಕಾರಿಗಳು ಒಪ್ಪದಿದ್ದರೆ ಜಗಳ ಬೇಡ. ‘ಕೇಳಿದ ಪ್ರಶ್ನೆಯನ್ನು ಸರ್ಕಾರ ಬಹಿರಂಗಪಡಿಸಿಲ್ಲ’ ಎಂದು ವರದಿಯ ಎರಡನೇ ವಾಕ್ಯದಲ್ಲೇ ಬರೆ. ಕೊನೆಯ ಪ್ಯಾರಾದಲ್ಲಿ ಬರೆದರೆ ಪುಟ ಕಟ್ಟುವಾಗ ಅದು ಕತ್ತರಿಸಿ ಹೋಗುತ್ತದೆ.

ಇತಿ,
ನಿನ್ನ ದೊಡ್ಡಪ್ಪ