ಸುರಂಗ ರಸ್ತೆ: ಲೆಕ್ಕ ಕೇಳೋಣ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆ ಯೋಜನೆ ಬಗ್ಗೆ ಇಲ್ಲಿ ಸುಮ್ನೆ ಬೇಸರ ತೋಡಿಕೊಂಡರೆ ಸಾಲದು. ಸುಮಾರು 17 ಕಿ.ಮೀ.ಗೆ 17,000 ಕೋಟಿ ರೂಪಾಯಿ ದಾಟುವ ಅಂದಾಜು! ಮುಖ್ಯವಾಗಿ ಕಾರಿನವರಿಗೆ ಆಗುವ ರಸ್ತೆಗೆ ಇಷ್ಟು ಸುರಿಯುವುದು ತಪ್ಪು. ಅದೇ ದುಡ್ಡಲ್ಲಿ ಎಷ್ಟು ಬಸ್ಸು ಬಿಡಬಹುದು, ಅಲ್ವಾ? ಜನರನ್ನು ಸರಿಯಾಗಿ ಕೇಳದೆ ಮುಂದುವರಿಯುವುದು ಇನ್ನೂ ಜಾಸ್ತಿ ನೋವಿನ ವಿಷಯ.

2016ರಲ್ಲಿ ಬಸವೇಶ್ವರ ವೃತ್ತ–ಹೆಬ್ಬಾಳ ಉಕ್ಕಿನ ಸೇತುವೆಯದೂ ಇದೇ ಕಥೆ. ಸುಮಾರು 1,800 ಕೋಟಿ ಖರ್ಚು, 800ಕ್ಕೂ ಹೆಚ್ಚು ಮರ ಕಡಿಯಬೇಕಿತ್ತು. ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಈಗ ಮಾಹಿತಿ ಹಕ್ಕಿನಡಿ ಅರ್ಜಿ ಹಾಕೋಣ. ಶುಲ್ಕ 10 ರೂಪಾಯಿ. ಒಂದೇ ವಿಷಯ, 150 ಪದದೊಳಗೆ ಇರಬೇಕು. ಭಾನುವಾರದೊಳಗೆ ನಿಮ್ಮ ಪ್ರಶ್ನೆ ಇಲ್ಲಿ ಹಾಕಿ. ಪಕ್ಷದ ಜಗಳ ದಯವಿಟ್ಟು ಬೇಡ.