ಬಿಯರ್ ದುಡ್ಡಿನ ಮತ್ಸ್ಯಕನ್ಯೆ

ಮಾನ್ಯ ಸಂಪಾದಕರೇ,

ಕೋಪನ್‌ಹೇಗನ್‌ಗೆ ಹೋದವರೆಲ್ಲ ಮತ್ಸ್ಯಕನ್ಯೆಯ ಪ್ರತಿಮೆ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. 1913ರಲ್ಲಿ ಅದನ್ನು ಊರಿಗೆ ಕೊಟ್ಟವನು ಒಬ್ಬ ಬಿಯರ್ ತಯಾರಕ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅವನೇ ಕಾರ್ಲ್ ಯಾಕಬ್‌ಸನ್. ಅವನು ಐದು ವರ್ಷದ ಹುಡುಗನಾಗಿದ್ದಾಗ, 1847ರಲ್ಲಿ, ಅಪ್ಪ ಹೊಸ ಕಾರ್ಖಾನೆಗೆ ಮಗನ ಹೆಸರನ್ನೇ ಇಟ್ಟಿದ್ದ. ಕಾರ್ಲ್ಸ್‌ಬರ್ಗ್ ಅಂದರೆ ಕಾರ್ಲನ ಗುಡ್ಡ.

ಆದರೆ ಮುಂದೆ ಇಬ್ಬರಿಗೂ ಎಣ್ಣೆ-ಸೀಗೇಕಾಯಿ. ಇಬ್ಬರ ಕಾರ್ಖಾನೆಗಳ ನಡುವಿನ ಒಂದೇ ರಸ್ತೆಗೆ ಅಪ್ಪ ಒಂದು ಹೆಸರಿನ ಫಲಕ, ಮಗ ಇನ್ನೊಂದು ಹೆಸರಿನ ಫಲಕ ಹಾಕಿದ್ದರಂತೆ! ಕೊನೆಗೆ ಅಪ್ಪ ತನ್ನ ಕಂಪನಿಯನ್ನು ಮಗನಿಗೆ ಕೊಡದೆ, ವಿಜ್ಞಾನಕ್ಕೆ ನೆರವಾಗುವ ಪ್ರತಿಷ್ಠಾನಕ್ಕೆ ಬರೆದುಬಿಟ್ಟ.

ಮಗನೂ ಕಡಿಮೆಯೇನಲ್ಲ. ಜಾಸ್ತಿ ದುಡ್ಡು ಸುರಿದಿದ್ದು ಶಿಲ್ಪಗಳ ಮೇಲೆ. ಅವನ್ನು ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳದೆ ಜನರಿಗೇ ಕೊಟ್ಟ. ಅವಕ್ಕಾಗಿ 1897ರಲ್ಲಿ ತೆರೆದ ಗ್ಲಿಪ್ಟೊಟೆಕ್ ಸಂಗ್ರಹಾಲಯ ಇವತ್ತಿಗೂ ಇದೆ. 1902ರಲ್ಲಿ ಕಲೆಗೆಂದೇ ಒಂದು ನಿಧಿಯನ್ನೂ ಕಟ್ಟಿದ.

ನಾನು ಬಿಯರ್ ಮುಟ್ಟಿದವನಲ್ಲ. ನನಗೆ ಇಷ್ಟವಾಗಿದ್ದು ಅವನ ಕಾರ್ಖಾನೆಯ ಹೆಬ್ಬಾಗಿಲು. ಅದನ್ನು ಹೊತ್ತಿರುವುದು ನಾಲ್ಕು ಕಲ್ಲಾನೆಗಳು. ಅವುಗಳ ಮೈಮೇಲೆ ಸ್ವಸ್ತಿಕ, ಜೊತೆಗೆ ನಾಲ್ವರು ಮಕ್ಕಳ ಹೆಸರಿನ ಮೊದಲಕ್ಷರ. ಕಟ್ಟಿದ್ದು 1901ರಲ್ಲಿ, ಹಿಟ್ಲರನ ಹಾವಳಿಗಿಂತ ಎಷ್ಟೋ ಮೊದಲು.

— ಒಬ್ಬ ಓದುಗ, ಮೈಸೂರು