ಸೋರುವಾಗ ಬರೆಯುವ ಠರಾವು

ಮಾನ್ಯ ಸಂಪಾದಕರೆ,

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಂಚಿನ ಮಾಡಿನ ಶಾಲೆಗಳು ಸೋರುವ ಸುದ್ದಿ ಮಳೆಗಾಲ ಬಂದಾಗಲೆಲ್ಲ ಪತ್ರಿಕೆಯಲ್ಲಿರುತ್ತದೆ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕೂರಿಸಿ ಠರಾವು ಬರೆಯುವುದೂ ಆಗಲೇ. ಜುಲೈನ ಠರಾವಿಗೆ ಆ ವರ್ಷದ ಯೋಜನೆಯಲ್ಲಿ ಜಾಗ ಇರುವುದಿಲ್ಲ. ಹಾವಸೆ ಕಟ್ಟಿದ ಹಂಚಿನ ಮೇಲೆ ಹತ್ತಿ ಪಕಾಸು (ಮಾಡಿನ ಭಾರ ಹೊರುವ ಇಳಿಜಾರು ಮರ) ನೋಡಲು ಇಂಜಿನಿಯರೂ ಒಪ್ಪುವುದಿಲ್ಲ.

ಸಮಿತಿಯವರು ಎಚ್ಚರವಾಗಬೇಕಾದ್ದು ಸೆಪ್ಟೆಂಬರಿನಲ್ಲಿ. ಪ್ರತಿ ಶಾಲೆ ಸರ್ಕಾರಕ್ಕೆ ವರ್ಷಕ್ಕೊಮ್ಮೆ ಕೊಡುವ ಯುಡೈಸ್ ಮಾಹಿತಿಗೆ ಆ ತಿಂಗಳ 30ನೇ ತಾರೀಖೇ ಆಧಾರ. ಅಲ್ಲಿ ಕೊಠಡಿಗಳನ್ನು ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಎಂದು ಬೇರೆ ಬೇರೆ ತೋರಿಸಬೇಕು. ಹಿಂದಿನ ವರ್ಷದ ಅಂಕಿಯನ್ನೇ ಎತ್ತಿ ಹಾಕಿದರೆ, ಬೆಂಚಿನ ಮೇಲೆ ನೀರು ತೊಟ್ಟಿಕ್ಕುತ್ತಿದ್ದರೂ ಕಾಗದದಲ್ಲಿ ಕೊಠಡಿ ಗಟ್ಟಿಯಾಗಿಯೇ ಇರುತ್ತದೆ.

ಅಕ್ಟೋಬರ್ 2ರಿಂದ ಗ್ರಾಮ ಪಂಚಾಯಿತಿಯ ಮುಂದಿನ ವರ್ಷದ ಯೋಜನೆಗೆ ಸಭೆಗಳು ಶುರು. ಶಾಲೆಯ ವಿಷಯ ಮೊದಲು ವಾರ್ಡ್ ಸಭೆಯ ನಡಾವಳಿಗೆ ಸೇರಬೇಕು. ನೇರ ಗ್ರಾಮಸಭೆಗೆ ಒಯ್ದರೆ ಅದು ‘ಇತರೆ ವಿಷಯಗಳು’ ಎಂಬ ತಲೆಬರಹದ ಕೆಳಗೆ ಬೀಳುತ್ತದೆ; ಅಲ್ಲಿಗೆ ಬಿದ್ದದ್ದು ಎದ್ದುಬರುವುದು ಅಪರೂಪ.

‘ಶಾಲೆ ದುರಸ್ತಿ ಮಾಡಿಸಿಕೊಡಬೇಕು’ ಎಂದು ಒಂದೇ ಸಾಲು ಬರೆದರೆ ಅಂದಾಜು ಪಟ್ಟಿ ತಯಾರಾಗುವುದಿಲ್ಲ. ಯಾವ ಕೊಠಡಿ, ಉದ್ದಗಲ ಎಷ್ಟು, ಪಕಾಸು ಎಷ್ಟು, ರೀಪು (ಪಕಾಸಿನ ಮೇಲೆ ಅಡ್ಡ ಹೊಡೆದ, ಹಂಚು ಕೂರುವ ಪಟ್ಟಿ) ಎಷ್ಟು ಅಡಿ ಎಂದು ಬರೆಯಬೇಕು. 20 ಅಡಿಗೆ 24 ಅಡಿಯ ಕೊಠಡಿಗೆ ಇಳಿಜಾರು, ಸೂರು ಸೇರಿ ಸುಮಾರು 900 ಹಂಚು ಹಿಡಿಯುತ್ತದೆ. ಪಕಾಸಿನ ತುದಿ ಗೋಡೆಯ ಮೇಲೆ ಕೂರುವ ಜಾಗಕ್ಕೆ ಚಾಕು ಚುಚ್ಚಿ ನೋಡಿ; ಒಳಗಿಳಿದರೆ ಬದಲಿಸಲೇಬೇಕು. ರೀಪು ಬಾಗಿದ್ದರೆ ಹೊಸ ಹಂಚೂ ಜಾರುತ್ತದೆ, ಪೂರ್ತಿ ದೂರನ್ನು ಮಂಗಗಳ ಮೇಲೆ ಹೊರಿಸಿ ಪ್ರಯೋಜನವಿಲ್ಲ. ಒಂದು ಕಾರ್ಖಾನೆಯ ಹಂಚು ಇನ್ನೊಂದರದ್ದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ಅಲ್ಲಲ್ಲಿ ತೇಪೆ ಹಾಕುವ ಬದಲು ಗಟ್ಟಿ ಉಳಿದ ಹಳೆಯವನ್ನೆಲ್ಲ ಒಂದು ಮಗ್ಗುಲಿಗೆ ಸೇರಿಸಿ, ಇನ್ನೊಂದು ಮಗ್ಗುಲಿಗೆ ಹೊಸದನ್ನೇ ಹೊದಿಸುವುದು ವಾಸಿ.

ಹಣದ ಬಾಬ್ತು ಬೇರೆ ಬೇರೆ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಶೌಚಾಲಯ, ನಲ್ಲಿಯ ಕೆಲಸ ಆ ಬಾಬ್ತಿನದು. ಮಾಡಿಗೆ ಬೇರೆ ಠರಾವು ಬೇಕು. ಎರಡನ್ನೂ ಒಂದರಲ್ಲೇ ಬರೆದರೆ ಎರಡೂ ಸಿಕ್ಕಿಬೀಳುತ್ತವೆ. ಮಾಡಿನ ಠರಾವಿನ ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಹೋಗಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆರಿಸಿಬಂದವರ ಅವಧಿ 2021ರಲ್ಲೇ ಮುಗಿದು ಆಡಳಿತಾಧಿಕಾರಿಗಳು ಬಂದರು. ಶಾಲೆಯ ಪರವಾಗಿ ಜಿಲ್ಲಾ ಕೇಂದ್ರ ಕಾರವಾರದಲ್ಲಿ ಬಾಯಿಬಿಡುವ ಸದಸ್ಯನೇ ಇಲ್ಲದಾಗ ಕಾಗದವೇ ಮಾತಾಡಬೇಕು. ಸ್ವೀಕೃತಿ ಮೊಹರಿಲ್ಲದೆ ಪ್ರತಿ ಬಿಟ್ಟು ಬರಬೇಡಿ.

ಒಂದು ತೊಡಕಿಗೆ ಮಾತ್ರ ಊರಿನಲ್ಲಿ ಪರಿಹಾರವಿಲ್ಲ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಕೊಠಡಿ ಖಾಲಿಯಾಗುವುದು ಏಪ್ರಿಲ್ ರಜೆಯಲ್ಲಿ. ಬಿಲ್ಲಿನ ಗಡಿಬಿಡಿಯಲ್ಲಿ ಮಾರ್ಚ್ ಕೊನೆಗೆ ಹೊದಿಸಿದ ಮಾಡೇ ಮೊದಲ ಮಳೆಗೆ ಸೋರುವುದು. ಜನವರಿಯಲ್ಲೇ ಕಾರ್ಯಾದೇಶ ಕೊಟ್ಟರೆ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಒಂದೊಂದೇ ಕೊಠಡಿ ಮುಗಿಸಬಹುದು. ಜಿಲ್ಲಾ ಪಂಚಾಯಿತಿ ಈ ಬಗ್ಗೆ ಇಂಜಿನಿಯರಿಂಗ್ ಉಪವಿಭಾಗಗಳಿಗೆ ಸುತ್ತೋಲೆ ಹೊರಡಿಸಲಿ.

— ಪಾಲಕರು, ಶಿರಸಿ